ಬೀದಿಗೂ ಬಾಗಿಲಿಗೂ ನಡುವಿನ 36 ಚದರಡಿ

ಪ್ರಶ್ನೆ: ಮೈಸೂರಿನ ಹೊರವಲಯದ ಬಡಾವಣೆಯಲ್ಲಿ ನಮ್ಮದೊಂದು 30x40 ಸೈಟಿದೆ, ರಸ್ತೆ ಪೂರ್ವಕ್ಕೆ. ಆರ್ಕಿಟೆಕ್ಟ್ ಕೊಟ್ಟ ನಕ್ಷೆಯಲ್ಲಿ ಮುಂಬಾಗಿಲಿನ ಹೊರಗೆ 9 ಅಡಿ ಉದ್ದ, 4 ಅಡಿ ಅಗಲದ ಜಾಗ ಬಿಟ್ಟು ‘ಟ್ರಾನ್ಸಿಷನ್ ಸ್ಪೇಸ್’ ಎಂದು ಬರೆದಿದ್ದಾರೆ. ಅದೇನೆಂದು ಕೇಳಿದರೆ ‘ಲಿಮಿನಲ್ ಅನುಭವ’ ಎಂದರು; ನಮಗೆ ಅರ್ಥವಾಗಲಿಲ್ಲ. ಅಷ್ಟನ್ನೂ ಹಾಲ್‌ಗೆ ಸೇರಿಸಿದರೆ ಒಂದು ದಿವಾನ ಹಿಡಿಯುತ್ತದೆ, ಸುಮ್ಮನೆ ಯಾಕೆ ದಂಡ ಮಾಡುತ್ತೀರಿ ಎನ್ನುವುದು ಮಾವನವರ ವಾದ. ಇಂಟರ್‌ನೆಟ್‌ನಲ್ಲಿ ‘ಲಿಮಿನಲ್ ಸ್ಪೇಸ್’ ಎಂದು ಹುಡುಕಿದರೆ ಖಾಲಿ ಕಾರಿಡಾರುಗಳ ಫೋಟೊಗಳು ಬರುತ್ತವೆ, ನೋಡಿದರೆ ಹೆದರಿಕೆಯಾಗುತ್ತದೆ ಎನ್ನುತ್ತಾಳೆ ಮಗಳು. ಸಣ್ಣ ಸೈಟಿನಲ್ಲಿ ಇದಕ್ಕೆ ನಿಜವಾಗಿಯೂ ಜಾಗ ಕೊಡಬೇಕೆ? ನಕ್ಷೆಯನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ಕೊಡಿ. ಆದರೆ ನಕ್ಷೆಯಲ್ಲಿ ಈಗ ಇರುವ ಹಾಗೆ ಕೊಡಬೇಡಿ.

ನಕ್ಷೆಯಲ್ಲಿರುವ ಜಾಗಕ್ಕೆ ಹಾಲಿನದೇ ಟೈಲ್ಸು, ಹಾಲಿನಷ್ಟೇ ಎತ್ತರದ ಸೀಲಿಂಗು, ಎದುರಿಗೆ ಕೆಳಗಿನಿಂದ ಮೇಲಿನವರೆಗೆ ಗ್ರಿಲ್ಲು. ಕೂರಲು ಏನೂ ಇಲ್ಲ. ಗೇಟಿನಿಂದ ನೇರ ಬಾಗಿಲಿಗೆ ಗೆರೆ ಎಳೆದಂತೆ ದಾರಿ. ಹೀಗೇ ಕಟ್ಟಿದರೆ ಆರು ತಿಂಗಳಲ್ಲಿ ಅಲ್ಲಿ ಚಪ್ಪಲಿ ಸ್ಟ್ಯಾಂಡು, ಮಗಳ ಹಳೇ ಸೈಕಲ್ಲು, ರದ್ದಿ ಪೇಪರಿನ ಕಟ್ಟು ಬಂದು ಕೂರುತ್ತವೆ. ಮಾವನವರ ಮಾತೇ ನಿಜವಾಗುತ್ತದೆ. ನಿಮ್ಮ ಆರ್ಕಿಟೆಕ್ಟ್ ಸರಿಯಾದದ್ದನ್ನೇ ಯೋಚಿಸಿದ್ದಾರೆ. ಹೆಸರು ಬರೆದು ಅರ್ಧಕ್ಕೆ ನಿಲ್ಲಿಸಿದ್ದಾರೆ, ಅಷ್ಟೆ. ಹೆಸರು ಬರೆದ ಮಾತ್ರಕ್ಕೆ ಆ ಅನುಭವ ಹುಟ್ಟುವುದಿಲ್ಲ.

ಮೊದಲು ‘ಲಿಮಿನಲ್’ ಎಂಬ ಪದದ ವಿಚಾರ ಮುಗಿಸೋಣ. ಲ್ಯಾಟಿನ್ನಿನಲ್ಲಿ ‘ಲೀಮೆನ್’ ಎಂದರೆ ಹೊಸ್ತಿಲು. ಅದನ್ನು ವಿಚಾರದ ಮಾತಾಗಿಸಿದವರು ಕಟ್ಟಡದವರಲ್ಲ, ಸಂಸ್ಕಾರ–ವಿಧಿಗಳನ್ನು ಅಧ್ಯಯನ ಮಾಡುತ್ತಿದ್ದ ಮಾನವಶಾಸ್ತ್ರಜ್ಞರು. ಫ್ರಾನ್ಸಿನ ಆರ್ನಾಲ್ಡ್ ವಾನ್ ಗೆನೆಪ್ 1909ರಲ್ಲಿ ಒಂದು ಸಂಗತಿಯನ್ನು ಗುರುತಿಸಿದ. ಮದುವೆ, ಉಪನಯನ, ಸಾವಿನ ಸೂತಕ, ಯಾವುದೇ ಇರಲಿ, ಎಲ್ಲದಕ್ಕೂ ಮೂರು ಹಂತ: ಇದ್ದ ಕಡೆಯಿಂದ ಬಿಡಿಸಿಕೊಳ್ಳುವುದು, ಎಲ್ಲಿಗೂ ಸೇರದೆ ನಡುವೆ ಇರುವುದು, ಹೊಸ ಕಡೆ ಸೇರಿಕೊಳ್ಳುವುದು. 1960ರ ದಶಕದಲ್ಲಿ ವಿಕ್ಟರ್ ಟರ್ನರ್ ಆ ನಡುವಿನ ಹಂತವೊಂದನ್ನೇ ಹಿಡಿದು ಬೆಳೆಸಿದ. ಅಲ್ಲಿರುವ ಮನುಷ್ಯನಿಗೆ ಹಳೆಯ ಗುರುತು ಕಳಚಿದೆ, ಹೊಸದು ಇನ್ನೂ ಬಂದಿಲ್ಲ. ಕಟ್ಟಡ ಕಟ್ಟುವ ನಾವು ಆ ಮಾತನ್ನು ಆಮೇಲೆ ಎರವಲು ತಂದೆವು.

ಅವರು ಪುಸ್ತಕದಲ್ಲಿ ಬರೆದದ್ದನ್ನು ನಮ್ಮ ಮನೆಗಳು ದಿನಾ ಮಾಡುತ್ತಿವೆ. ಮದುಮಗಳು ಸೇರಕ್ಕಿ ಒದ್ದು ಒಳಗೆ ಬರುವುದು ಹೊಸ್ತಿಲಲ್ಲಿ. ಬೆಳಿಗ್ಗೆ ಅರಿಸಿನ ಕುಂಕುಮ ಬೀಳುವುದು ಅದಕ್ಕೇ, ಮುಸ್ಸಂಜೆ ದೀಪ ಇಡುವುದೂ ಅಲ್ಲೇ. ಹೊಸ್ತಿಲ ಆಚೆ ನಿಂತವರಿಗೆ ಈಚೆಯಿಂದ ದುಡ್ಡು ಕೊಡಬೇಡ, ದೀಪ ಹಚ್ಚುವ ಹೊತ್ತಿಗೆ ಹೊಸ್ತಿಲ ಮೇಲೆ ಕೂರಬೇಡ ಎಂದು ಅಜ್ಜಿಯರು ಗದರಿಸುತ್ತಿದ್ದರು. ಹಿರಣ್ಯಕಶಿಪುವಿನ ಕತೆಯಂತೂ ಪೂರ್ತಿ ಇದರ ಮೇಲೆಯೇ ನಿಂತಿದೆ. ಒಳಗೂ ಅಲ್ಲ ಹೊರಗೂ ಅಲ್ಲ, ಹಗಲೂ ಅಲ್ಲ ಇರುಳೂ ಅಲ್ಲ, ನೆಲವೂ ಅಲ್ಲ ಆಕಾಶವೂ ಅಲ್ಲ. ಅವನು ಪಡೆದ ವರದಲ್ಲಿ ಸಂದಿ ಇದ್ದದ್ದೇ ಈ ‘ನಡು’ವಿನಲ್ಲಿ, ನರಸಿಂಹ ಬಂದು ಕೂತದ್ದೂ ಅಲ್ಲೇ. ನಡುವಿನ ಜಾಗಕ್ಕೆ ತನ್ನದೇ ಒಂದು ಶಕ್ತಿಯಿದೆ ಎಂದು ಈ ನಾಡಿನ ಮಕ್ಕಳಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ.

ಈಗ ನಿಮ್ಮ ಮನೆಯ ವಿಚಾರ. ಆ 36 ಚದರಡಿ ಏನು ಕೆಲಸ ಮಾಡುತ್ತದೆ ಎಂದು ಮಾವನವರು ಕೇಳಿದರೆ ನಾನಾದರೆ ಮೊದಲು ಕಣ್ಣಿನ ವಿಚಾರ ಹೇಳುತ್ತೇನೆ, ಏಕೆಂದರೆ ಅದರಲ್ಲಿ ವಾದಕ್ಕೆ ಎಡೆಯಿಲ್ಲ. ನೆತ್ತಿಯ ಬಿಸಿಲಿನಲ್ಲಿ ಬೆಳಕು (ಅದನ್ನು ಅಳೆಯುವ ಮಾನ ಲಕ್ಸ್) ಸುಮಾರು 1 ಲಕ್ಷ ಲಕ್ಸ್‌ವರೆಗೂ ಇರುತ್ತದೆ. ಕಿಟಕಿ ಇರುವ ಸಾಧಾರಣ ಹಾಲಿನಲ್ಲಿ ಅದು 100ರಿಂದ 300. ಒಂದು ಹೆಜ್ಜೆಯಲ್ಲಿ ಬೆಳಕು ನೂರಾರು ಪಟ್ಟು ಕುಸಿಯುತ್ತದೆ. ಬಿಸಿಲಿನಿಂದ ಒಳಗೆ ಬಂದವರು ಬಾಗಿಲಲ್ಲಿ ಕಣ್ಣು ಕಿರಿದು ಮಾಡಿಕೊಂಡು, ಎದುರಿಗೆ ಕೂತವರು ಯಾರೆಂದು ತಿಳಿಯದೆ ತಬ್ಬಿಬ್ಬಾಗುವುದು ಇದಕ್ಕೇ. ಮಂದ ಬೆಳಕಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಹಲವು ನಿಮಿಷಗಳೇ ಬೇಕು. ನಿಜವಾದ ಕತ್ತಲಿಗಾದರೆ ಅರ್ಧ ಗಂಟೆ. ಸೂರಿನಡಿಯ ನೆರಳಿನಲ್ಲಿ ಕೆಲವು ಸಾವಿರ ಲಕ್ಸ್ ಇರುತ್ತದೆ. ಅಂದರೆ ಅದು ನಡುವಿನ ಮೆಟ್ಟಿಲು. ಚಪ್ಪಲಿ ಬಿಚ್ಚುವಷ್ಟು, ಬೆವರು ಒರೆಸಿಕೊಳ್ಳುವಷ್ಟು ಹೊತ್ತು ಅಲ್ಲಿ ನಿಂತರೂ ಕಣ್ಣಿಗೆ ಅರ್ಧ ದಾರಿ ಸಾಗಿದಂತೆ.

ಈ ಮೆಟ್ಟಿಲುಗಳನ್ನು ಕಲ್ಲಿನಲ್ಲಿ ಕಾಣಬೇಕೆಂದರೆ ಮಗಳನ್ನು ಕರೆದುಕೊಂಡು ಬೇಲೂರಿಗೆ ಹೋಗಿ. ನಾನು ವಿದ್ಯಾರ್ಥಿಗಳೊಂದಿಗೆ ಹೋದಾಗಲೆಲ್ಲ ಶಿಲ್ಪ ನೋಡುವ ಮುಂಚೆ ಸುಮ್ಮನೆ ಒಳಗೆ ನಡೆಯಲು ಹೇಳುತ್ತೇನೆ. ಗೋಪುರದ ಬಾಗಿಲಿನಲ್ಲಿ ಊರಿನ ಗದ್ದಲ ಹಿಂದೆ ಉಳಿಯುತ್ತದೆ. ಆಮೇಲೆ ಬಯಲಾದ ಪ್ರಾಕಾರ. ಬರಿಗಾಲಿಗೆ ಕಾದ ಕಲ್ಲು. ಅಲ್ಲಿಂದ ಜಗತಿಗೆ ಏರಬೇಕು. ಜಗತಿ ಎಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆ. ಗುಡಿಯ ಮೈ ಹೇಗೆ ಮಡಿಚಿಕೊಂಡಿದೆಯೋ ಹಾಗೆಯೇ ಅದೂ ಮಡಿಚಿಕೊಂಡು ಸುತ್ತ ಹರಿದಿದೆ. ಅದರ ಮೇಲೆ ನಿಂತಾಗ ನೀವು ನೆಲ ಬಿಟ್ಟಿದ್ದೀರಿ, ಗುಡಿಯೊಳಗೆ ಇನ್ನೂ ಹೋಗಿಲ್ಲ. ಪ್ರದಕ್ಷಿಣೆ ನಡೆಯುವುದು ಈ ಎರಡರ ನಡುವಿನ ಪಟ್ಟಿಯಲ್ಲಿ. ಮತ್ತೆ ಮೆಟ್ಟಿಲು, ಬಾಗಿಲು, ನವರಂಗದ, ಅಂದರೆ ಕಂಬಗಳ ಮಂಟಪದ, ಅರೆಬೆಳಕು. ಆಮೇಲೆ ಸುಕನಾಸಿ. ಕೊನೆಗೆ ಗರ್ಭಗುಡಿ, ಅಲ್ಲಿ ದೀಪದ ಬೆಳಕು ಮಾತ್ರ. ಹೆಜ್ಜೆ ಹೆಜ್ಜೆಗೂ ಬೆಳಕು ಕಡಿಮೆಯಾಗುತ್ತದೆ, ಜಾಗ ಕಿರಿದಾಗುತ್ತದೆ, ದನಿ ತಾನಾಗಿಯೇ ತಗ್ಗುತ್ತದೆ. ‘ಸದ್ದು ಮಾಡಬೇಡಿ’ ಎಂಬ ಫಲಕ ಅಲ್ಲಿ ಬೇಕಿಲ್ಲ. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದಾಗ ಆ ಮಂಟಪ ತೆರೆದೇ ಇತ್ತು; ಕಂಬಗಳ ನಡುವಿನ ಜಾಲಂಧ್ರಗಳು, ಅಂದರೆ ತೂತು ಕೊರೆದ ಕಲ್ಲಿನ ಪರದೆಗಳು, ಸೇರಿದ್ದು ಎರಡನೇ ಬಲ್ಲಾಳನ ಕಾಲದಲ್ಲಿ. ಕಾರಣ ಏನೇ ಇರಲಿ, ಆ ಒಂದು ಬದಲಾವಣೆಯಿಂದ ಮಂಟಪದ ಬೆಳಕಿನ ಹದವೇ ಬೇರೆಯಾಯಿತು. ಮುಂಬಾಗಿಲಿಗೆ ಮೆಶ್ ಹಾಕಬೇಕೋ ಬೇಡವೋ ಎಂದು ಯೋಚಿಸುವಾಗ ಇದು ನೆನಪಿರಲಿ.

ಸುಕನಾಸಿಗೆ ಶಿಲ್ಪಶಾಸ್ತ್ರದಲ್ಲಿ ಇನ್ನೊಂದು ಹೆಸರಿದೆ: ಅಂತರಾಳ. ಮಂಟಪಕ್ಕೂ ಗರ್ಭಗುಡಿಗೂ ನಡುವಿನ ಸಣ್ಣ ಜಾಗ. ಅದೇ ಪದವನ್ನು ಕನ್ನಡದಲ್ಲಿ ನಾವು ‘ಮನಸ್ಸಿನ ಅಂತರಾಳ’ ಎಂದೂ ಬಳಸುತ್ತೇವೆ. ನಡುವಿನ ಜಾಗಕ್ಕೂ ಒಳಗಿನ ಆಳಕ್ಕೂ ಒಂದೇ ಹೆಸರು ಸಾಕಾಗಿದೆ. ನಿಮ್ಮ ಆರ್ಕಿಟೆಕ್ಟ್ ನಕ್ಷೆಯಲ್ಲಿ ‘ಅಂತರಾಳ’ ಎಂದು ಬರೆದಿದ್ದರೆ ಮಾವನವರು ಇಷ್ಟು ಗಟ್ಟಿಯಾಗಿ ಬೇಡವೆನ್ನುತ್ತಿರಲಿಲ್ಲವೇನೋ.

ಗುಡಿಗಳಲ್ಲಿ ನೋಡಬೇಕಾದದ್ದು ಇನ್ನೊಂದಿದೆ. ಚಾಲುಕ್ಯ, ಹೊಯ್ಸಳ ಗುಡಿಗಳ ತೆರೆದ ಮಂಟಪದ ಅಂಚಿನಲ್ಲಿ ಕಂಬಗಳ ನಡುವೆ ಕಲ್ಲಿನ ಆಸನ ಓಡುತ್ತದೆ, ಬೆನ್ನು ಒರಗಲು ಹೊರಕ್ಕೆ ವಾಲಿದ ಕಲ್ಲಿನ ಹಲಗೆಯ ಸಮೇತ. ಅದನ್ನು ಕಕ್ಷಾಸನ ಎನ್ನುತ್ತಾರೆ. ಗೋಡೆ ಇರಬೇಕಾದ ಕಡೆ ಪೀಠ ಬಂದು ಕೂತಿದೆ. ಒಳಗು ಮುಗಿಯುವ ಗೆರೆಯೇ ಜನ ಕೂರುವ ಜಾಗ. ಕೂತವನ ಮುಖ ದೇವರ ಕಡೆ, ಬೆನ್ನಿಗೆ ಊರಿನ ಗಾಳಿ. ಸಾವಿರ ವರ್ಷ ಕಳೆದರೂ ಅಂಚನ್ನು ಇದಕ್ಕಿಂತ ಚೆನ್ನಾಗಿ ಬಳಸಿದ ಉಪಾಯವನ್ನು ನಾನು ಕಂಡಿಲ್ಲ.

ಮನೆಗಳಲ್ಲಿ ಆ ಕೆಲಸವನ್ನು ಜಗಲಿ ಮಾಡುತ್ತಿತ್ತು. ಸಾಗರದ ಕಡೆ ನನ್ನ ಅಜ್ಜಿಯ ಮನೆಯಲ್ಲಿ ಅಂಗಳ, ಅದರಿಂದ ಎರಡು ಮೆಟ್ಟಿಲು ಮೇಲೆ ಜಗಲಿ, ಆಮೇಲೆ ತಲೆ ಬಗ್ಗಿಸಿ ದಾಟುವ ಬಾಗಿಲು, ನಡುಮನೆ, ಅದಕ್ಕೂ ಒಳಗೆ ದೇವರ ಕೋಣೆ. ಸೂರು ಎಷ್ಟು ಕೆಳಗಿಳಿದಿತ್ತೆಂದರೆ ಜಡಿಮಳೆಯಲ್ಲೂ ಜಗಲಿಯ ಅರ್ಧ ಒಣಗಿರುತ್ತಿತ್ತು. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿಯಿಡೀ ಅಲ್ಲಿ ದೀಪ, ಮಾತು, ಕತೆ. ಕಂಬಗಳು ಒರಗಿದವರ ಬೆನ್ನಿಗೆ ತಿಕ್ಕಿ ತಿಕ್ಕಿ ನುಣುಪಾಗಿದ್ದವು. ದಾರಿಹೋಕನೊಬ್ಬ ಬಂದು ಕವಳ ಹಾಕಿ, ನೀರು ಕುಡಿದು, ಒಳಗೆ ಕಾಲಿಡದೆ ಎದ್ದುಹೋಗುತ್ತಿದ್ದ. ಅವನು ನೆಂಟನೂ ಅಲ್ಲ, ಅಪರಿಚಿತನೂ ಅಲ್ಲ. ಅವನಿಗೆ ಹಾಗೆ ಇರಲು ಮನೆಯಲ್ಲೊಂದು ಜಾಗವಿತ್ತು. ಈಗಿನ ನಮ್ಮ ಮನೆಗಳಲ್ಲಿ ಇಲ್ಲದಿರುವುದು ಇದೇ. ಬಾಗಿಲು ಮುಚ್ಚಿದ್ದರೆ ಬಂದವನು ಬೀದಿಯಲ್ಲಿ, ತೆರೆದರೆ ಸೋಫಾದ ಮೇಲೆ. ಪಕ್ಕದ ಮನೆಯವರು ಐದು ನಿಮಿಷ ಮಾತಾಡಲೆಂದು ಬಂದರೂ ‘ಒಳಗೆ ಬನ್ನಿ’ ಎನ್ನಬೇಕು, ಕಾಫಿಗೆ ಇಡಬೇಕು. ಇಲ್ಲವೇ ಗೇಟಿನ ಆಚೆ ಈಚೆ ನಿಂತೇ ಮಾತು ಮುಗಿಸಬೇಕು. ಎಷ್ಟೋ ಬಡಾವಣೆಗಳಲ್ಲಿ ಹತ್ತು ವರ್ಷವಾದರೂ ಅಕ್ಕಪಕ್ಕದವರ ಪರಿಚಯವಾಗದಿರಲು ಇದೂ ಒಂದು ಕಾರಣವೆಂದು ನಾನು ನಂಬಿದ್ದೇನೆ.

ಉತ್ತರ ಕರ್ನಾಟಕದ ಕಟ್ಟೆ–ಪಡಸಾಲೆ, ಕರಾವಳಿಯ ಚಾವಡಿ, ಬೆಂಗಳೂರಿನ ವಠಾರಗಳಲ್ಲಿ ಎಲ್ಲರಿಗೂ ಸೇರಿದ ಓಣಿ, ಮಲ್ಲೇಶ್ವರ–ಬಸವನಗುಡಿಯ ಹಳೆಯ ಮನೆಗಳ ಮಂಕಿ ಟಾಪ್ (ಮರದ ಪಟ್ಟಿಗಳ ಮೊನಚು ಮೇಲ್ಕಟ್ಟಿನ) ಪೋರ್ಟಿಕೊ, ಎಲ್ಲವೂ ಇದೇ ಕುಟುಂಬದವು.

ಆದರೆ ಜಗಲಿಯನ್ನು ಬರೀ ಹೊಗಳಿ ಸುಮ್ಮನಾದರೆ ನಾನು ಅರ್ಧ ಸತ್ಯ ಹೇಳಿದಂತೆ. ಅದೇ ಜಗಲಿ ಯಾರು ಎಲ್ಲಿಯವರೆಗೆ ಬರಬಹುದು ಎಂಬ ಗೆರೆಯೂ ಆಗಿತ್ತು. ಕೆಲವರಿಗೆ ನಡುಮನೆ, ಕೆಲವರಿಗೆ ಜಗಲಿ, ಕೆಲವರಿಗೆ ಅಂಗಳದ ಮೂಲೆ. ಅದೇ ಮನೆಯ ಗದ್ದೆಯಲ್ಲಿ ಜೀವಮಾನವಿಡೀ ದುಡಿದವರು ಜಗಲಿಯ ಮೆಟ್ಟಿಲನ್ನೂ ತುಳಿಯುವಂತಿರಲಿಲ್ಲ. ನೀರನ್ನು ಮೇಲಿನಿಂದ ಬೊಗಸೆಗೆ ಹುಯ್ಯುತ್ತಿದ್ದರು. ಮುಟ್ಟಾದ ಹೆಂಗಸರನ್ನು ‘ಹೊರಗೆ’ ಕೂರಿಸುತ್ತಿದ್ದದ್ದು ಹಿತ್ತಿಲ ಕಡೆಯ ಜಗಲಿಯಲ್ಲಿ. ಟರ್ನರ್ ಹೇಳಿದ ನಡುವಿನ ಸ್ಥಿತಿ ತಾತ್ಕಾಲಿಕ, ದಾಟಿ ಹೋಗುವುದಕ್ಕೆಂದೇ ಇರುವಂಥದ್ದು. ನಾವು ಒಂದಿಡೀ ಜನಸಮುದಾಯವನ್ನು ತಲೆಮಾರುಗಟ್ಟಲೆ ಅಲ್ಲಿಯೇ ನಿಲ್ಲಿಸಿಬಿಟ್ಟೆವು. ಇದು ಹಳೆಯ ಮಾತು ಎಂದು ತಳ್ಳಿಹಾಕುವಂತೆಯೂ ಇಲ್ಲ. ಮನೆಕೆಲಸದವರಿಗೆ ಬೇರೆ ಲಿಫ್ಟು ಗೊತ್ತುಮಾಡಿರುವ ಅಪಾರ್ಟ್‌ಮೆಂಟುಗಳು ಇವತ್ತೂ ಇವೆ. ಹಾಗಾಗಿ ಜಗಲಿ ಕಟ್ಟುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಯಾರನ್ನು ತಡೆಯಬೇಕೆಂದಿದ್ದೇನೆ, ಯಾರಿಗೆ ಆಸರೆ ಕೊಡಬೇಕೆಂದಿದ್ದೇನೆ? ಪಾರ್ಸೆಲ್ ತರುವ ಹುಡುಗ ಓಟಿಪಿಗಾಗಿ ಕಾಯುವಾಗ ನೆರಳಿನಲ್ಲಿ ಕೂರುವಂತಾದರೆ, ಕೆಲಸಕ್ಕೆ ಬರುವಾಕೆ ನಿಮ್ಮ ಜೊತೆ ಅಲ್ಲೇ ಕೂತು ಕಾಫಿ ಕುಡಿಯುವಂತಾದರೆ, ಅದು ಹಳೆಯ ಜಗಲಿಗಿಂತ ಒಳ್ಳೆಯ ಜಗಲಿ.

ಮಗಳ ಪ್ರಶ್ನೆ ನನಗೆ ಬಹಳ ಹಿಡಿಸಿತು, ಏಕೆಂದರೆ ಅವಳು ನೋಡಿದ ಫೋಟೊಗಳು ಬೇರೆ ಸಂಗತಿಯೇನಲ್ಲ. ಇದೇ ಸಂಗತಿ ಕೆಟ್ಟಾಗ ಹೇಗಿರುತ್ತದೆಂದು ಅವು ತೋರಿಸುತ್ತವೆ. 2019ರಿಂದ ಹರಿದಾಡಿದ ಒಂದು ಫೋಟೊ ಅವುಗಳಿಗೆಲ್ಲ ಮೂಲವಿದ್ದಂತೆ: ಹಳದಿ ಗೋಡೆ, ಟ್ಯೂಬ್‌ಲೈಟು, ಒಂದರಿಂದ ಇನ್ನೊಂದಕ್ಕೆ ತೆರೆದುಕೊಂಡ ಖಾಲಿ ಕೋಣೆಗಳು. ಅದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಓಶ್‌ಕೋಶ್ ಊರಿನ ಅಂಗಡಿಯೊಂದು ನವೀಕರಣದಲ್ಲಿದ್ದಾಗ ತೆಗೆದದ್ದೆಂದು 2024ರಲ್ಲಿ ಪತ್ತೆಯಾಯಿತು. ಅಂದರೆ ಆ ಕಟ್ಟಡವೇ ಆಗ ನಡುವಿನ ಸ್ಥಿತಿಯಲ್ಲಿತ್ತು. ಅಂಥ ಫೋಟೊ ನೋಡಿದರೆ ಹೆದರಿಕೆ ಯಾಕೆ? ಕಾರಿಡಾರು ಎಲ್ಲಿಂದಲೋ ಎಲ್ಲಿಗೋ ಹೋಗುವವರಿಗಾಗಿ ಇರುವ ಜಾಗ. ಆ ಫೋಟೊಗಳಲ್ಲಿ ಹೊರಟ ಕಡೆಯೂ ಕಾಣುವುದಿಲ್ಲ, ತಲುಪುವ ಕಡೆಯೂ ಕಾಣುವುದಿಲ್ಲ, ಹೋಗುವ ಜನರೂ ಇಲ್ಲ. ಕಿಟಕಿ ಇಲ್ಲದ್ದರಿಂದ ಹೊತ್ತೂ ತಿಳಿಯುವುದಿಲ್ಲ. ನೋಡುವವರು ಹೊಸ್ತಿಲಲ್ಲಿ ಸಿಕ್ಕಿಬಿದ್ದಿದ್ದಾರೆ, ಆದರೆ ಹೊಸ್ತಿಲಿನ ಆಚೆಗೂ ಈಚೆಗೂ ಮನೆಯಿಲ್ಲ. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ ಕಾದವರಿಗೆ ಈ ಭಾವ ಗೊತ್ತಿರುತ್ತದೆ. ಅಪಾರ್ಟ್‌ಮೆಂಟಿನ ಲಿಫ್ಟಿನಿಂದ ಮನೆ ಬಾಗಿಲವರೆಗಿನ, ಎರಡೂ ಬದಿ ಮುಚ್ಚಿದ ಬಾಗಿಲುಗಳ ಪ್ಯಾಸೇಜಿನಲ್ಲೂ ಇದರ ಛಾಯೆ ಇರುತ್ತದೆ.

ಇದರಿಂದ ನಾನು ಕಲಿತದ್ದು ಇಷ್ಟು. ನಡುವಿನ ಜಾಗದಲ್ಲಿ ನಿಂತವರಿಗೆ ಎರಡೂ ತುದಿ ಕಾಣಬೇಕು ಅಥವಾ ಕೇಳಬೇಕು: ಒಳಗಿನ ಒಗ್ಗರಣೆಯ ಚಟಪಟ, ಹೊರಗಿನ ಹೂವಿನವಳ ಕೂಗು. ಜೊತೆಗೆ ಅಲ್ಲಿ ತಡೆದು ನಿಲ್ಲಲು ಒಂದು ನೆಪ ಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಅದು ಬರೀ ಓಡಾಡುವ ದಾರಿಯಾಗುತ್ತದೆ, ಇಲ್ಲವೇ ಸಾಮಾನು ಪೇರಿಸುವ ಮೂಲೆಯಾಗುತ್ತದೆ.

ಇದನ್ನು ಆಧುನಿಕ ಕಟ್ಟಡದಲ್ಲಿ ಮನಸ್ಸಿಟ್ಟು ಸಾಧಿಸಿದವರು ನೆದರ್ಲೆಂಡ್ಸಿನ ಆಲ್ಡೊ ವಾನ್ ಐಕ್. 1960ರಲ್ಲಿ ಮುಗಿದ ಆಮ್‌ಸ್ಟರ್‌ಡ್ಯಾಮಿನ ಅನಾಥಾಲಯ 125 ಮಕ್ಕಳಿಗಾಗಿ ಕಟ್ಟಿದ್ದು. ಮನೆಯನ್ನೇ ಕಳೆದುಕೊಂಡ ಮಗು ಊರಿನಿಂದ ಒಂದು ದೊಡ್ಡ ಸಂಸ್ಥೆಯೊಳಗೆ ಕಾಲಿಡುವ ಗಳಿಗೆ ಎಷ್ಟು ಕಠಿಣವೆಂದು ಅವರಿಗೆ ತಿಳಿದಿತ್ತು. ಆದ್ದರಿಂದ ಒಳಗಿನ ಓಣಿಗಳಿಗೆ ಹೊರಗಿನ ಬೀದಿಯ ಒರಟು ನೆಲ–ಗೋಡೆಗಳನ್ನೇ ಕೊಟ್ಟರು, ದೀಪವನ್ನೂ ಬೀದಿದೀಪದ ಹಾಗೆ ಇರಿಸಿದರು. ಮಗು ಒಂದೇ ಬಾಗಿಲಿನಲ್ಲಿ ಎಲ್ಲವನ್ನೂ ದಾಟಬೇಕಾಗಲಿಲ್ಲ. ಅಂಗಳ, ಓಣಿ, ತನ್ನ ಗುಂಪಿನ ಪುಟ್ಟ ಮನೆ ಎಂದು ಹಂತ ಹಂತವಾಗಿ ಒಳಗೆ ಬರುತ್ತಿತ್ತು.

ನಮ್ಮ ಹತ್ತಿರದ್ದೇ ಬೇಕೆಂದರೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಇದೆ. ಅದನ್ನು ರೂಪಿಸಿದವರು ಬಿ.ವಿ. ದೋಶಿ, 2018ರಲ್ಲಿ ವಾಸ್ತುಶಿಲ್ಪಿಗಳಿಗೆ ಕೊಡುವ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ, 2023ರಲ್ಲಿ ತೀರಿಕೊಂಡರು. 100 ಎಕರೆಯ ಆ ಆವರಣದಲ್ಲಿ ನನ್ನ ನೆನಪಿನಲ್ಲಿ ಉಳಿದದ್ದು ಕ್ಲಾಸ್‌ರೂಮುಗಳಲ್ಲ, ಅವುಗಳನ್ನು ಜೋಡಿಸುವ ಪಡಸಾಲೆಗಳು. ಬೂದುಬಣ್ಣದ ಒರಟು ಕಲ್ಲಿನ ಗೋಡೆಗಳ ನಡುವೆ ನಡೆಯುತ್ತಿದ್ದರೆ ಒಂದು ಕಡೆ ತಲೆಯ ಮೇಲೆ ಚಾವಣಿ, ಮುಂದೆ ಕಾಂಕ್ರೀಟಿನ ತೊಲೆಗಳ ಚಪ್ಪರ, ಇನ್ನೂ ಮುಂದೆ ಬರೀ ಆಕಾಶ. ನೆರಳಿನ ಪಟ್ಟಿಗಳು ಹೊತ್ತು ಸರಿದಂತೆ ನೆಲದ ಮೇಲೆ ಸರಿಯುತ್ತವೆ. ಓಣಿ ಅಲ್ಲಲ್ಲಿ ಅಗಲವಾಗುತ್ತದೆ, ಅಲ್ಲಿ ಕೂರಲು ಕಟ್ಟೆ. ಫತೇಪುರ್ ಸಿಕ್ರಿಯ ಅಂಗಳಗಳು ದೋಶಿಯವರ ಮನಸ್ಸಿನಲ್ಲಿದ್ದವು. ಪಾಠದಷ್ಟೇ ಮುಖ್ಯವಾದ ಮಾತುಕತೆ ಪಾಠ ಮುಗಿಸಿ ಹೊರಬರುವಾಗ ನಡೆಯುತ್ತದೆ ಎಂದು ಅವರು ಬಲ್ಲರು. ಬಜೆಟ್ಟು ಹಿಡಿದು ಕೂತವರು ಅಷ್ಟು ದೊಡ್ಡ ಓಣಿಗಳನ್ನು ‘ವೇಸ್ಟ್’ ಎಂದು ಹೊಡೆದುಹಾಕಿದ್ದರೆ ಆ ಕಟ್ಟಡದ ಜೀವವೇ ಹೋಗುತ್ತಿತ್ತು.

ಮಾಳಿಗೆಯ ಮೇಲೆ ಮಾಳಿಗೆ ಏರಿಸಿದರೂ ಇದು ಸಾಧ್ಯ. ಮುಂಬೈಯಲ್ಲಿ ಚಾರ್ಲ್ಸ್ ಕೊರಿಯಾ ಅವರ ಕಾಂಚನಜುಂಗಾ ಕಟ್ಟಡ 1983ರಲ್ಲಿ ಮುಗಿಯಿತು. ಹಳೆಯ ಬಂಗಲೆಗಳ ಸುತ್ತುವರಾಂಡವನ್ನು ಅದರಲ್ಲಿ ಎರಡು ಮಹಡಿ ಎತ್ತರದ ಮೂಲೆ ತೋಟಗಳನ್ನಾಗಿ ಮಾಡಿ ಬಿಸಿಲು–ಮಳೆಯಿಂದ ಒಳಮನೆಯನ್ನು ಕಾಯ್ದಿದ್ದಾರೆ.

ನನ್ನ ಕೈಯಿಂದಲೇ ಆದ ತಪ್ಪೊಂದನ್ನು ಹೇಳಬೇಕು, ನೀವು ಅದನ್ನು ಮತ್ತೆ ಮಾಡಬಾರದೆಂದು. ಹದಿನೈದು ವರ್ಷದ ಹಿಂದೆ ಪಶ್ಚಿಮಕ್ಕೆ ಮುಖ ಮಾಡಿದ ಒಂದು ಮನೆಗೆ ಚೆಂದದ ಸಿಟ್‌ಔಟ್ ಮಾಡಿಕೊಟ್ಟೆ, ಪಾಲಿಶ್ ಮಾಡಿದ ಕಪ್ಪು ಗ್ರಾನೈಟಿನ ಕಟ್ಟೆಯೊಂದಿಗೆ. ಮಾರ್ಚಿನಲ್ಲಿ ಗೃಹಪ್ರವೇಶ. ಸಂಜೆ ನಾಲ್ಕಕ್ಕೆ ಆ ಮನೆಯ ಅಜ್ಜ ಕೂರಲು ಹೋಗಿ ಥಟ್ಟನೆ ಎದ್ದುಬಿಟ್ಟರು. ಕಲ್ಲು ಕೆಂಡದಂತೆ ಕಾದಿತ್ತು. ಸಜ್ಜಾ ನೆತ್ತಿಯ ಸೂರ್ಯನನ್ನು ತಡೆಯುತ್ತದೆ, ಇಳಿಬಿಸಿಲನ್ನು ತಡೆಯುವುದಿಲ್ಲ. ಅದಕ್ಕೆ ತೂತುಗಳ ಜಾಲರಿ ಗೋಡೆಯೋ ಮರವೋ ಬೇಕು. ಇದು ನನಗೆ ಪುಸ್ತಕದಿಂದ ಗೊತ್ತಿತ್ತು, ಆದರೂ ಮನಸ್ಸಿಗೆ ಇಳಿದಿರಲಿಲ್ಲ. ಆ ಅಜ್ಜ ಮತ್ತೆ ಅಲ್ಲಿ ಕೂರಲಿಲ್ಲ ಎಂಬುದು ಈಗಲೂ ನನ್ನನ್ನು ಕೊರೆಯುತ್ತದೆ.

ನಿಮ್ಮದು ಪೂರ್ವ ದಿಕ್ಕು, ಅದು ನಿಮ್ಮ ಅದೃಷ್ಟ. ಬೆಳಗಿನ ಎಳೆಬಿಸಿಲು ಬರುತ್ತದೆ, ಮಧ್ಯಾಹ್ನ ಕಳೆದ ಮೇಲೆ ಮನೆಯದೇ ನೆರಳು ಆ ಜಾಗದ ಮೇಲೆ ಬೀಳುತ್ತದೆ. ಮೈಸೂರಿನ ಸಂಜೆ ಜನ ಹೊರಗೆ ಕೂರಲು ಬಯಸುವ ಹೊತ್ತಿಗೆ ಸರಿಯಾಗಿ ಅದು ತಂಪಾಗಿರುತ್ತದೆ. ಇದನ್ನು ಬಿಟ್ಟು ಅಷ್ಟು ಜಾಗವನ್ನು ಹಾಲ್‌ಗೆ ಸೇರಿಸಿದರೆ ನಿಮಗೆ ಸಿಗುವುದು 1200 ಚದರಡಿ ಸೈಟಿನ ನೂರಕ್ಕೆ 3 ಭಾಗ ಮಾತ್ರ.

ನಕ್ಷೆಯಲ್ಲಿ ಏನೇನು ಬದಲಿಸಬೇಕೆಂದು ಆರ್ಕಿಟೆಕ್ಟ್ ಜೊತೆ ಕೂತು ಮಾತಾಡಿ. ಮೊದಲನೆಯದು ಗ್ರಿಲ್ಲು. ಕಳ್ಳಕಾಕರ ಭಯ ನನಗೆ ಅರ್ಥವಾಗುತ್ತದೆ, ಆದರೆ ಭದ್ರತೆಯನ್ನು ಬಾಗಿಲಿಗೆ, ಕಿಟಕಿಗೆ ಕೊಡಿ: ಒಳ್ಳೆಯ ಬೀಗ, ಜೊತೆಗೊಂದು ಗಟ್ಟಿ ಮೆಶ್ ಬಾಗಿಲು. ಜಗಲಿಯ ಹೊರ ಅಂಚಿಗೆ ಗ್ರಿಲ್ಲು ಬಂದರೆ ಅದು ಬೋನು. ಬೋನಿನಲ್ಲಿ ಕೂತು ಯಾರೂ ಬೀದಿಯವರ ಜೊತೆ ಮಾತಾಡುವುದಿಲ್ಲ. ಎರಡನೆಯದು ಬಾಗಿಲಿನ ಜಾಗ. ಮೆಟ್ಟಿಲು ಆ 9 ಅಡಿಯ ಒಂದು ತುದಿಗೆ, ಬಾಗಿಲು ಇನ್ನೊಂದು ತುದಿಗೆ ಇರಲಿ. ಬಾಗಿಲಿನ ದಿಕ್ಕು ಪೂರ್ವವೇ ಉಳಿಯುತ್ತದೆ, ವಾಸ್ತುವಿನ ತಕರಾರೂ ಬರುವುದಿಲ್ಲ. ಮೆಟ್ಟಿಲೇರಿದವರು ಒಮ್ಮೆ ತಿರುಗಿ ನಾಲ್ಕು ಹೆಜ್ಜೆ ನೆರಳಿನಲ್ಲಿ ನಡೆದು ಬಾಗಿಲು ಮುಟ್ಟುತ್ತಾರೆ. ಗೇಟಿನಲ್ಲಿ ನಿಂತವರಿಗೆ ನಿಮ್ಮ ಹಾಲಿನ ಟಿವಿಯವರೆಗೆ ಕಾಣುವುದೂ ತಪ್ಪುತ್ತದೆ. ಚಾವಣಿಯನ್ನು ಅಲ್ಲಿ ತಗ್ಗಿಸಿ: ಹಾಲಿನಲ್ಲಿ 10 ಅಡಿ ಇರಲಿ, ಜಗಲಿಯ ಮೇಲೆ ಮಂಗಳೂರು ಹೆಂಚಿನ ಇಳಿಜಾರು ಮಾಡಿ ಸೂರು 7 ಅಡಿಗೆ ಬರಲಿ. ತಗ್ಗಿನಿಂದ ಎತ್ತರಕ್ಕೆ ಹೋದಾಗ ಸಣ್ಣ ಹಾಲೂ ದೊಡ್ಡದಾಗಿ ಕಾಣುತ್ತದೆ. ನೆಲಕ್ಕೆ ಹಾಲಿನ ಟೈಲ್ಸು ಬೇಡವೇ ಬೇಡ. ರೆಡ್ ಆಕ್ಸೈಡ್ ಹಾಕುವ ಒಳ್ಳೆಯ ಮೇಸ್ತ್ರಿ ಸಿಕ್ಕರೆ ಅದು. ಇಲ್ಲದಿದ್ದರೆ ಪಾಲಿಶ್ ಮಾಡದ ಸಾದರಹಳ್ಳಿ ಕಲ್ಲು. ಕಣ್ಣು ಮುಚ್ಚಿದ್ದರೂ ಅಂಗಾಲಿಗೆ ‘ಇನ್ನು ಒಳಗೆ’ ಎಂದು ತಿಳಿಯಬೇಕು. ಬಾಗಿಲ ಪಕ್ಕ ಗೋಡೆಯಲ್ಲಿ ಒಂದು ದೀಪದ ಗೂಡು ಬಿಡಿಸಿ. ಎಲ್‌ಇಡಿ ಹಾಕುವುದಾದರೂ ಬಿಳಿ ಬೆಳಕಿನದು ಬೇಡ, ಹಳದಿ ಬೆಳಕಿನದು ಇರಲಿ.

ಚಪ್ಪಲಿಗೆ ಮಾತ್ರ ಮೊದಲೇ ಜಾಗ ಮಾಡಿ, ಮೆಟ್ಟಿಲಿನ ಪಕ್ಕ, ಕೆಳಗೆ. ಜಪಾನಿನ ಮನೆಗಳಲ್ಲಿ ‘ಗೆಂಕನ್’ ಎಂಬ ತಗ್ಗಿನ ಜಾಗದಲ್ಲಿ ಪಾದರಕ್ಷೆ ಬಿಟ್ಟು ಒಂದು ಮೆಟ್ಟಿಲು ಮೇಲೇರಿ ಮನೆಯೊಳಗೆ ಹೋಗುತ್ತಾರೆ. ಚಪ್ಪಲಿ ಮೇಲಿನ ನೆಲಕ್ಕೆ ಬರುವುದೇ ಇಲ್ಲ. ನಮ್ಮಲ್ಲೂ ಅದೇ ನಡವಳಿಕೆ ಇದೆ, ಅದಕ್ಕೆ ಜಾಗ ಮಾಡುವುದನ್ನು ಮಾತ್ರ ಮರೆತಿದ್ದೇವೆ.

ಹೊಸ್ತಿಲಿನ ಪಟ್ಟಿಯ ವಿಚಾರದಲ್ಲಿ ನಾನು ಹಳಬರ ಜೊತೆ ಪೂರ್ತಿ ಇಲ್ಲ. ನಾಲ್ಕು ಇಂಚಿನ ಮರದ ಪಟ್ಟಿಗೆ ಎಡವಿ ಬಿದ್ದು ಸೊಂಟ ಮುರಿದುಕೊಂಡ ಹಿರಿಯರನ್ನು ಕಂಡಿದ್ದೇನೆ. ನೆಲಕ್ಕೆ ಸಮವಾಗಿ ಬೇರೆ ಬಣ್ಣದ ಕಲ್ಲಿನ ಪಟ್ಟಿ ಹಾಕಿಸಿ. ರಂಗೋಲಿ, ಅರಿಸಿನ ಕುಂಕುಮ ಎಲ್ಲವೂ ಅದರ ಮೇಲೆ ಚೆನ್ನಾಗಿಯೇ ಆಗುತ್ತದೆ. ಮನೆಯಲ್ಲಿ ಮುಂದೆ ವೀಲ್‌ಚೇರ್ ಬೇಕಾಗಬಹುದೆಂದು ಅನಿಸಿದರೆ ಜಗಲಿಯನ್ನೂ ಹಾಲನ್ನೂ ಒಂದೇ ಮಟ್ಟಕ್ಕೆ ತನ್ನಿ. ಒಳ–ಹೊರದ ವ್ಯತ್ಯಾಸವನ್ನು ನೆಲದ ಬಣ್ಣ, ಚಾವಣಿಯ ಎತ್ತರ ಹೇಳಲಿ. ಇಳಿಜಾರಿಗೆ 1 ಅಡಿ ಏರಲು 12 ಅಡಿ ಉದ್ದ ಬೇಕು. ಕಾರು ನಿಲ್ಲಿಸುವ ಬದಿಯಲ್ಲಿ ಅದಕ್ಕೆ ಈಗಲೇ ಜಾಗ ಕಾಯ್ದಿಡಿ.

ಉಳಿದದ್ದು ಮಾವನವರ ದಿವಾನ. ವೀಲ್‌ಚೇರಿನ ಯೋಚನೆ ಸದ್ಯಕ್ಕಿಲ್ಲವೆಂದರೆ ರಸ್ತೆಯ ಕಡೆಯ ಅಂಗಳದಿಂದ ಹಾಲಿನ ನೆಲ 2 ಅಡಿ ಎತ್ತರ ಇರಲಿ, ಅಂದರೆ 6 ಇಂಚಿನ ನಾಲ್ಕು ಮೆಟ್ಟಿಲು. ಮೂರು ಮೆಟ್ಟಿಲಿಗೆ ಜಗಲಿ, ನಾಲ್ಕನೆಯದು ಬಾಗಿಲಲ್ಲಿ. ಆಗ ಜಗಲಿಯ ನೆಲ ಅಂಗಳದಿಂದ 18 ಇಂಚು ಮೇಲಿರುತ್ತದೆ, ಅದು ಕುರ್ಚಿಯ ಎತ್ತರ. ಮೆಟ್ಟಿಲಿನ ಭಾಗ ಬಿಟ್ಟರೆ ಆ ಅಂಚು ಪೂರ್ತಿ ಕಾಲು ಇಳಿಬಿಟ್ಟು ಕೂರುವ ಕಟ್ಟೆಯಾಗುತ್ತದೆ, ಬೇರೆ ಬೆಂಚು ಬೇಡ. ಒರಗಲು ಎರಡು ಕಂಬ ಕೊಡಿ, ಅಂಚಿನ ಮೂಲೆಯನ್ನು ತೊಡೆಗೆ ಒತ್ತದಂತೆ ಗುಂಡಾಗಿಸಲು ಮೇಸ್ತ್ರಿಗೆ ಹೇಳಿ. ಹಾಲಿನಲ್ಲಿ ಹಾಕಬೇಕೆಂದಿದ್ದ ದಿವಾನದಷ್ಟು ಉದ್ದದ್ದು ಮಾವನವರಿಗೆ ಹೊರಗೇ ಸಿಗುತ್ತದೆ, ಬೀದಿಗೆ ಮುಖ ಮಾಡಿಕೊಂಡು. ಪಾಯ ತೋಡುವ ಮುಂಚೆ ಒಂದು ಸಂಜೆ ಅವರನ್ನು ಸೈಟಿಗೆ ಕರೆದುಕೊಂಡು ಹೋಗಿ. ಸುಣ್ಣದ ಪುಡಿಯಲ್ಲಿ 9x4 ಅಡಿಯ ಗೆರೆ ಎಳೆಸಿ, ಅಂಚಿನಲ್ಲಿ 18 ಇಂಚು ಎತ್ತರಕ್ಕೆ ಇಟ್ಟಿಗೆ ಜೋಡಿಸಿ ಮೇಲೊಂದು ಹಲಗೆ ಹಾಕಿಸಿ, ಅವರನ್ನು ಅಲ್ಲಿ ಕೂರಿಸಿ. ಎತ್ತರ ಸ್ವಲ್ಪ ಹೆಚ್ಚಾಯಿತು, ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿಲ್ಲ ಎಂದು ಅವರು ಹೇಳಿದರೆ ಒಂದು ಇಂಚು ಇಳಿಸಿ, ಪ್ಲಿಂತ್ (ಪಾಯದ ಮೇಲಿನ ನೆಲಗಟ್ಟಿನ) ಮಟ್ಟವನ್ನು ಆ ಲೆಕ್ಕಕ್ಕೇ ಗುರುತು ಹಾಕಿಸಿ.